ಒಂಬತ್ತನೇ ದಿನದ ಎಲೆಕ್ಷನ್

ರಾಡು ಬೀಸಿದ್ದು ನನ್ನ ತಲೆಗೆ. ಬಿದ್ದದ್ದು ಸ್ಕೂಟರಿನ ಕನ್ನಡಿಗೆ!

ಗಾಜಿನ ಚೂರು ಮೊಣಕೈಗೆ ಚುಚ್ಚಿತು. ಹಿಂದೆ ಕೂತಿದ್ದ ಸುಗಂಧಾ ಚೀರಿದಳು.

"ಅಕ್ಕಾ... ಮತ್ತೆ ಬಂದ್ರು!"

"ಬರ್ಲಿ. ನೀ ನನ್ನ ಸೊಂಟ ಬಿಡ್ಬೇಡ. ಬಿಟ್ರೆ ನಾನೇ ಹೊಡೀತೆ ನಿಂಗೆ!"

ಅವರ್ಸಾ ದಾಟಿ ಎರಡು ಕಿಲೋಮೀಟರ್ ಆಗಿತ್ತು. ಬೆಳಿಗ್ಗೆ ಹತ್ತು ಗಂಟೆ. ಹಾಡಹಗಲು. ಹೆದ್ದಾರಿಯ ತುಂಬ ಬಸ್ಸು, ಕಾರು, ಟಿಪ್ಪರ್. ಎಲ್ಲರೂ ನೋಡಿದರು. ಒಬ್ಬನೂ ನಿಲ್ಲಿಸಲಿಲ್ಲ! ಒಂದು ಕಾರಿನವನಂತೂ ಗ್ಲಾಸು ಇಳಿಸಿ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡ. ಅವನ ಮನೆ ಹಾಳಾಗ!

ಕಪ್ಪು ಬೈಕು. ಓಡಿಸುತ್ತಿದ್ದವನಿಗೆ ಹೆಲ್ಮೆಟ್ ಇತ್ತು. ಹಿಂದೆ ರಾಡು ಹಿಡಿದು ಕೂತವನಿಗೆ ಇರಲಿಲ್ಲ. ಅವನ ಮುಖ ನನಗೆ ಚೆನ್ನಾಗಿ ಗೊತ್ತು. ಸುನಿಲ. ನಮ್ಮ ಕೇರಿಯವನೇ. ಸಣ್ಣವನಿದ್ದಾಗ ನನ್ನ ಬುಟ್ಟಿಯಿಂದ ಬಂಗಡೆ ಕದ್ದು ಓಡುತ್ತಿದ್ದವನು.

"ಮಂಗಲಕ್ಕಾ! ಹೆಣ್ಣನ್ನ ಇಳಿಸಿ ಹೋಗು! ನಿಂಗೆ ಎಂತಾ ಮಾಡುದಿಲ್ಲ!"

"ಮಾಡಿ ನೋಡೋ!"

ಮುಂದೆ ಒಂದು ಮೀನಿನ ಲಾರಿ ಹೋಗುತ್ತಿತ್ತು. ಹಿಂಬಾಗಿಲಿನ ಸಂದಿಯಿಂದ ಐಸು ಕರಗಿದ ನೀರು ರಸ್ತೆಗೆ ಸುರಿಯುತ್ತಿತ್ತು. ಬರೀ ನೀರಲ್ಲ... ತಾರ್ಲೆ ಮೀನಿನ ಎಣ್ಣೆ ಬೆರೆತ ನೀರು. ಇಪ್ಪತ್ತು ವರ್ಷ ಮೀನು ಮಾರಿದವಳು ನಾನು. ಆ ನೀರಿನ ಮೇಲೆ ಬ್ರೇಕು ಹಿಡಿದವರ ಗತಿ ಏನಾಗುತ್ತದೆ ಎಂದು ಬಹಳ ಸಲ ಕಂಡಿದ್ದೇನೆ.

ನೇರ ಲಾರಿಯ ಹಿಂದಕ್ಕೆ ನುಗ್ಗಿಸಿದೆ. ಬೈಕು ನನ್ನ ಬೆನ್ನಿಗೇ ಬಂತು.

ಆಕ್ಸಿಲರೇಟರ್ ಬಿಟ್ಟೆ. ಬ್ರೇಕು ಮುಟ್ಟಲಿಲ್ಲ. ಹ್ಯಾಂಡಲನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿ ಮಣ್ಣಿಗೆ ಇಳಿಸಿದೆ.

ಲಾರಿಯ ಹಿಂಭಾಗ ಇದ್ದಕ್ಕಿದ್ದಂತೆ ಎದುರಿಗೆ ಬಂದಾಗ ಹೆಲ್ಮೆಟ್‌ನವನು ಬ್ರೇಕು ಹಿಡಿದ. ಹಿಡಿಯಲೇಬೇಕು!

ಬೈಕು ಒಂದು ಕಡೆ. ಅವನು ಇನ್ನೊಂದು ಕಡೆ. ಸುನಿಲ ಅಂಗಾತ ಬಿದ್ದು ರಸ್ತೆಯ ಮೇಲೆ ಇಪ್ಪತ್ತು ಅಡಿ ಜಾರಿಕೊಂಡು ಹೋದ. ರಾಡು ಠಣಠಣ ಎಂದು ಚರಂಡಿಗೆ ಬಿತ್ತು.

"ಸತ್ತರಾ ಅಕ್ಕಾ?"

"ಇಲ್ಲ. ಎದ್ದು ಕೂತು ಬಯ್ತಾ ಇದ್ದಾರೆ. ನಡಿ."

ನಾನು ಯಾರು ಎನ್ನುತ್ತೀರಾ? ಮಂಗಲಾ. ಸದಾಶಿವಗಡದ ಆಚೆ, ದೇವಬಾಗಕ್ಕೆ ಹೋಗುವ ದಾರಿಯಲ್ಲಿ ತಾರ್ಲೆಬಾಗ ಎಂಬ ಕೇರಿ ಇದೆ. ಎಪ್ಪತ್ತು ಒಲೆಗಳ ಮೀನುಗಾರರ ಕೇರಿ. ಅಲ್ಲಿಯವಳು. ಬೆಳಿಗ್ಗೆ ಮೀನು ಮಾರುತ್ತೇನೆ. ಅದಾದ ಮೇಲೆ ಯಾರಿಗಾದರೂ ಕಷ್ಟ ಬಂದರೆ ಬಿಡಿಸುತ್ತೇನೆ. ಹಿಂದೆ ಹತ್ತು ವರ್ಷ ಹೋಮ್‌ಗಾರ್ಡ್ ಆಗಿದ್ದೆ. ದೊಡ್ಡ ಮನುಷ್ಯರೊಬ್ಬರ ಮಗನಿಗೆ ಕಪಾಳಕ್ಕೆ ಬಿಟ್ಟೆ. ಖಾಕಿ ಹೋಯಿತು. ಅವನು ಒಬ್ಬ ಹೆಂಗಸಿನ ಸೆರಗಿಗೆ ಕೈ ಹಾಕಿದ್ದ... ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ.

ಸುಗಂಧಾಳ ಅಪ್ಪ ಜಟ್ಟು ಸತ್ತು ಅವತ್ತಿಗೆ ಒಂಬತ್ತು ದಿನ.

ನಮ್ಮ ಕೇರಿಯಲ್ಲಿ ಯಾರಾದರೂ ಸತ್ತರೆ ಮನೆ, ದೋಣಿ, ಬಲೆ ಯಾರಿಗೆ ಸೇರಬೇಕು ಎಂದು ಮೊದಲು ಹೇಳುವವನು ಕೋರ್ಟಿನ ಜಡ್ಜಲ್ಲ. ಬುಧವಂತ! ಕೇರಿಯ ಹಿರಿಯ. ಅವನು ವಾರಸುದಾರರ ಚೀಟಿಗೆ ಸಹಿ ಹಾಕಿದರೆ ಕೇರಿ ಒಪ್ಪುತ್ತದೆ, ಆಫೀಸಿನವರು ಪಂಚನಾಮೆ ಬರೆದುಕೊಳ್ಳುತ್ತಾರೆ. ಕೋರ್ಟಿಗೆ ಹೋಗಬಾರದೆಂದೇನಿಲ್ಲ, ಹೋಗಬಹುದು. ಹೋದವರ ಮೊಮ್ಮಕ್ಕಳು ಇನ್ನೂ ಕಾರವಾರದ ಕೋರ್ಟಿನ ಮೆಟ್ಟಿಲ ಮೇಲೆ ಕೂತಿದ್ದಾರೆ.

ಹಳೆಯ ಬುಧವಂತ ತೀರಿಹೋಗಿ ತಿಂಗಳಾಗಿತ್ತು. ಅವತ್ತು ಮಧ್ಯಾಹ್ನ ಹನ್ನೆರಡಕ್ಕೆ ಹೊಸಬನ ಎಲೆಕ್ಷನ್. ಗೆದ್ದವನು ಅಲ್ಲೇ ಕೂತು ಮೊದಲು ಎತ್ತಿಕೊಳ್ಳುವ ಕೇಸು ಜಟ್ಟುವಿನ ಮನೆಯದು. ವಾರಸುದಾರರನ್ನು ಮೂರು ಸಲ ಕರೆಯುತ್ತಾರೆ. ಓಗೊಡದವನಿಗೆ ಏನೂ ಇಲ್ಲ. ಓಗೊಟ್ಟವನಿಗೆ ಮನೆ!

ಜಟ್ಟುವಿಗೆ ಇದ್ದವಳು ಒಬ್ಬಳೇ ಮಗಳು. ಸುಗಂಧಾ, ಮೂವತ್ತು ವರ್ಷ, ಮದುವೆಯಾಗಿಲ್ಲ. ಅಪ್ಪನಿಗೆ ಬೆಂಕಿ ಕೊಟ್ಟವಳೂ ಅವಳೇ. ಎರಡು ಕೋಣೆ, ಎಂಟು ಗುಂಟೆ ಜಾಗ, ಎದುರಿಗೆ ಸಮುದ್ರ. ಅಷ್ಟೇ ಅವಳಿಗಿದ್ದದ್ದು. ಆ ಎಂಟು ಗುಂಟೆಯ ಮೇಲೆ ಗೋವಾದ ಒಂದು ರೆಸಾರ್ಟ್ ಪಾರ್ಟಿಯ ಕಣ್ಣು ಬಿದ್ದಿತ್ತು.

ಆ ಪಾರ್ಟಿಯ ಬಲಗೈ ರಾಜೀವ. ತಾರ್ಲೆಬಾಗದವನೇ, ಆದರೆ ಹದಿನೈದು ವರ್ಷ ಗೋವಾದಲ್ಲಿ ಟೂರಿಸ್ಟ್ ಬೋಟು ಓಡಿಸಿದವನು. ಜಟ್ಟು ಸತ್ತ ಮೂರನೇ ದಿನ ನಾಲ್ಕು ಜನರೊಂದಿಗೆ ಬಂದು ಸುಗಂಧಾಳ ಕಿವಿಯಲ್ಲಿ ಹೇಳಿದ್ದ. "ನಿನ್ನ ಅಪ್ಪ ನನ್ನನ್ನ ದತ್ತು ತಗಂಡಿದ್ದ. ಮನೆ ನಂದು. ಜಾಗ ಖಾಲಿ ಮಾಡು." ಆಮೇಲೆ ಹೆಂಚಿನ ಮೇಲೆ ಕಲ್ಲು ಬಿದ್ದವು. ಅಪ್ಪನಿಗೆ ದೀಪ ಇಡಬೇಕಾದವಳು ಓಡಿಹೋಗಿ ಅಂಕೋಲೆಯಲ್ಲಿ ಗೋಡಂಬಿ ಫ್ಯಾಕ್ಟರಿಯ ಗೆಳತಿಯ ಮನೆಯಲ್ಲಿ ಅಡಗಿಕೊಂಡಳು. ಅವತ್ತು ಬೆಳಿಗ್ಗೆ ನಾನೇ ಹೋಗಿ ಅವಳನ್ನು ಕರೆತರುತ್ತಿದ್ದೆ.

ದತ್ತುವಿನ ಸುದ್ದಿ ಕೇರಿಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಬೇಕೆಂದೇ ಅವನು ಬಾಯಿ ಬಿಟ್ಟಿರಲಿಲ್ಲ. ಯಾಕೆಂದರೆ... ಬುಧವಂತನ ಎಲೆಕ್ಷನ್ನಿಗೆ ನಿಂತವನೂ ಅವನೇ!

ಗೆದ್ದು ಕೂತು, ಕಾಗದ ತೆಗೆದು, ತನ್ನ ಕೇಸಿನಲ್ಲಿ ತಾನೇ ತೀರ್ಪು ಕೊಡುವುದು. ಎಷ್ಟು ಸುಲಭ! ನೆನೆಸಿಕೊಂಡರೆ ಈಗಲೂ ನನಗೆ ಮೈ ಉರಿಯುತ್ತದೆ.

ಬಿಣಗಾ ಬಂತು. ಸುರಂಗದೊಳಗೆ ಗಾಡಿ ಬಿಟ್ಟೆ.

"ಅಕ್ಕಾ, ಹೋಗಿ ಎಂತಾ ಮಾಡುದು? ನಂಗೆ ವೋಟಿಲ್ಲ. ನಿಂಗೂ ಇಲ್ಲ."

ಅವಳು ಹೇಳಿದ್ದು ಸರಿ. ಒಂದು ಒಲೆಗೆ ಒಂದು ವೋಟು, ಹಾಕುವವನು ಗಂಡಸು. ಗಂಡಸಿಲ್ಲದ ಒಲೆಗೆ ವೋಟೇ ಇಲ್ಲ. ನಾನು ವಿಧವೆ. ಒಲೆ ಊದುವುದು ನಾವು, ಮೀನು ಹೊತ್ತು ಮಾರುವುದು ನಾವು, ದುಡಿದು ತಂದದ್ದನ್ನು ಕುಡಿದು ಬಂದು ವೋಟು ಹಾಕುವವನು ಇನ್ನೊಬ್ಬ... ಬಿಡಿ, ಅದನ್ನು ಹೇಳಲು ಹೊರಟರೆ ಈ ಕತೆ ಮುಗಿಯುವುದಿಲ್ಲ.

"ಮೂರು ಸಲ ಕರೀತಾರೆ. ಮೂರು ಸಲ ಓ ಅನ್ನು. ಅಷ್ಟು ಮಾಡು. ಮುಂದಿಂದು ನಾ ನೋಡ್ಕಳ್ತೆ."

ಹಾಗೆ ಹೇಳಿದೆ. ಮುಂದೆ ಏನು ಮಾಡುವುದೆಂದು ನನಗೂ ಗೊತ್ತಿರಲಿಲ್ಲ, ದೇವರಾಣೆ!

ಕಾಳಿ ಸೇತುವೆ ದಾಟಿ ಸದಾಶಿವಗಡಕ್ಕೆ ಬಂದಾಗ ಹನ್ನೊಂದೂಕಾಲು. ದೇವಬಾಗದ ತಿರುವಿನಲ್ಲಿ ಬಿಳಿ ಜೀಪೊಂದು ರಸ್ತೆಗೆ ಅಡ್ಡ ನಿಂತಿತ್ತು. ಅದರ ಬಾನೆಟ್ಟಿನ ಮೇಲೆ ಚಾ ಗ್ಲಾಸು. ಗ್ಲಾಸಿನ ಪಕ್ಕ ರಾಜೀವ!

ಬಿಳಿ ಲುಂಗಿ, ಬಿಳಿ ಅಂಗಿ. ನುಣ್ಣಗೆ ಗಡ್ಡ ಹೆರೆಸಿಕೊಂಡಿದ್ದ. ಹಣೆಯ ಮೇಲೆ ಬೆರಳಗಲದ ಕುಂಕುಮ. ಅವನ ಹಿಂದೆ ಇಬ್ಬರು ತೋಳು ಕಟ್ಟಿ ನಿಂತಿದ್ದರು.

"ಬಾ ಮಂಗಲಕ್ಕಾ. ಸುನಿಲ ಫೋನ್ ಮಾಡಿದ್ದ. ಮೊಣಕೈ ತರಚಿದೆ ಹೇಳಿ ಅಳ್ತಿದ್ದ."

"ಬೆನ್ನಿಂದು ಹೇಳ್ಲಿಲ್ವಾ?"

ನಕ್ಕ. "ನಿನ್ನ ಬಾಯಿ ನಂಗೆ ಇಷ್ಟ. ಸುಗಂಧಾ, ಇಲ್ಲಿ ಬಾ ತಂಗಿ."

"ತಂಗಿ ಅನ್ಬೇಡ!" ಎಂದಳು ಸುಗಂಧಾ.

"ಅನ್ನದೆ? ನಿನ್ನ ಅಪ್ಪ ನನ್ನ ಅಪ್ಪ. ಈ ಕಾಗದಕ್ಕೆ ಒಂದು ಸಹಿ ಹಾಕು. ಅಂಕೋಲೆಗೆ ನಾನೇ ಜೀಪಲ್ಲಿ ಬಿಟ್ಟು ಬರ್ತೆ. ಹಾಕ್ಲಿಲ್ಲ... ಇವತ್ತು ಹೆಂಚು ಒಡೆಯುದಿಲ್ಲ. ಮನೆಯೇ ಹೊತ್ತಿ ಉರಿತದೆ."

"ಒಳಗೆ ನಾ ಇದ್ರೆ?"

"ನೀ ಯಾಕೆ ಇರ್ತೆ ಒಳಗೆ? ಬುದ್ಧಿ ಇಲ್ವಾ?"

ನನ್ನ ಕೈ ಮುಷ್ಟಿಯಾಯಿತು. ತಡೆದುಕೊಂಡೆ. ಮೂವರು ಗಂಡಸರು, ಒಂದು ಜೀಪು.

"ಕಾಗದ ಕೊಡು," ಎಂದೆ. "ಓದದೆ ಸಹಿ ಹಾಕ್ಲಿಕ್ಕೆ ಅವಳೇನು ಕುರಿಯಾ?"

ಕೊಟ್ಟ! ಅವನಿಗೆ ಅಷ್ಟು ಸೊಕ್ಕು. ಕೈಯಾರೆ ನನ್ನ ಕೈಗೆ ಕೊಟ್ಟ.

ಸ್ಟ್ಯಾಂಪ್ ಪೇಪರು. 'ದಿವಂಗತ ಜಟ್ಟು ಇವರ ದತ್ತು ಮಗನೂ ಏಕೈಕ ವಾರಸುದಾರನೂ ಆದ ರಾಜೀವ ಇವರಿಗೆ ನಾನು ಸುಗಂಧಾ ಮನೆ ಮತ್ತು ಜಾಗದ ಮೇಲಿನ ನನ್ನ ಎಲ್ಲ ಹಕ್ಕನ್ನು ಬಿಟ್ಟುಕೊಟ್ಟಿರುತ್ತೇನೆ...' ಕೆಳಗೆ ಎರಡು ಸಹಿಗೆ ಜಾಗ. ಒಂದು ಖಾಲಿ. ಇನ್ನೊಂದರಲ್ಲಿ ನೀಲಿ ಶಾಯಿಯಲ್ಲಿ ರಾಜೀವನ ಸಹಿ ಆಗಲೇ ಬಿದ್ದಿತ್ತು.

"ಬೇಗ. ನಂಗೆ ಹೊತ್ತಾಯ್ತು. ಈಗಷ್ಟೇ ದೇವಿ ಕಲಶ ಮುಟ್ಟಿ ಪ್ರಮಾಣ ಮಾಡಿ ಬಂದೆ. ಹನ್ನೆರಡಕ್ಕೆ ಮತ್ತೆ ಅಂಗಳದಲ್ಲಿ ಇರ್ಬೇಕು."

ದೇವಿ ಕಲಶ ಮುಟ್ಟಿ...

ಕಾಗದ ನೋಡಿದೆ. ಅವನ ಹಣೆಯ ಕುಂಕುಮ ನೋಡಿದೆ. ನುಣ್ಣನೆಯ ಗಲ್ಲ ನೋಡಿದೆ.

ಅಯ್ಯೋ ಹುಚ್ಚಾ... ಹದಿನೈದು ವರ್ಷ ಗೋವಾದಲ್ಲಿದ್ದು ಹುಟ್ಟಿದ ಕೇರಿಯನ್ನೇ ಮರೆತೆಯಲ್ಲ!

"ಕನ್ನಡಕ ಗಾಡೀಲಿ ಅದೆ," ಎಂದೆ. "ಸಣ್ಣ ಅಕ್ಷರ ಕಾಣ್ತಿಲ್ಲ."

ಸ್ಕೂಟರಿನ ಹತ್ತಿರ ಬಂದೆ. ಸುಗಂಧಾ ಅದರ ಮೇಲೇ ಇದ್ದಳು. ಕಾಗದವನ್ನು ರವಿಕೆಯೊಳಗೆ ತುರುಕಿದೆ. ಗಾಡಿ ಹತ್ತಿ ಆಕ್ಸಿಲರೇಟರಿನ ಕಿವಿ ಹಿಂಡಿದೆ. ಜೀಪಿಗೂ ಪಕ್ಕದ ಗೂಡಂಗಡಿಯ ಬೆಂಚಿಗೂ ನಡುವೆ ಮೂರಡಿ ಸಂದಿ. ಅಷ್ಟು ಸಾಕು!

"ಹಿಡೀರೋ ಅವ್ಳನ್ನ!"

ಒಬ್ಬ ಅಡ್ಡ ಬಂದ. ಮುಂದಿನ ಚಕ್ರ ಅವನ ಕಾಲ್ಬೆರಳ ಮೇಲೆ ಹತ್ತಿ ಇಳಿಯಿತು. ಅವನ ಕೂಗು ನದಿಯ ಆಚೆ ದಡಕ್ಕೆ ಕೇಳಿಸಿರಬೇಕು. ಬಾನೆಟ್ಟಿನ ಮೇಲಿದ್ದ ಚಾ ಗ್ಲಾಸು ಸುಗಂಧಾಳ ಕೈಗೆ ಸಿಕ್ಕಿತ್ತು. ಇನ್ನೊಬ್ಬನ ಮುಖಕ್ಕೆ ಬೀಸಿದಳು. ಬಿಸಿ ಚಾ! ನಾನು ಹೇಳಿಕೊಟ್ಟದ್ದಲ್ಲ, ಅವಳೇ ಮಾಡಿದ್ದು.

ಜೀಪು ತಿರುಗಿಸಿಕೊಂಡು ಬೆನ್ನು ಹತ್ತಿದರು. ನಾನು ರಸ್ತೆ ಬಿಟ್ಟು ಬಲೆ ಒಣಹಾಕುವ ಮರಳಿಗೆ ಇಳಿದೆ. ದೋಣಿಗಳ ನಡುವೆ ನುಗ್ಗಿದೆ. ಜೀಪಿಗೆ ಅಲ್ಲಿ ದಾರಿಯಿಲ್ಲ. ಹಾರ್ನು ಬಡಿದದ್ದೇ ಬಂತು.

ದೇವಿಯ ಅಂಗಳ. ಗಾಳಿಮರಗಳ ಕೆಳಗೆ ಅರವತ್ತೊಂದು ಗಂಡಸರು ಕೂತಿದ್ದರು. ಎದುರಿಗೆ ಎರಡು ಮಣ್ಣಿನ ಮಡಕೆ. ಒಂದು ರಾಜೀವನದು, ಒಂದು ಸಾಯಿನಾಥನದು. ಸಾಯಿನಾಥ ಎಂದರೆ ಹಳೆಯ ತಾಂಡೇಲ, ಬೋಟು ನಡೆಸಿದವನು, ಒಳ್ಳೆಯ ಮನುಷ್ಯ. ಪ್ರತಿಯೊಬ್ಬನ ಕೈಯಲ್ಲೂ ಒಂದೊಂದು ಚಿಪ್ಪು. ಮೆಚ್ಚಿದವನ ಮಡಕೆಗೆ ಅದನ್ನು ಹಾಕಿದರೆ ವೋಟು.

ಹೆಂಗಸರು ಬೇಲಿಯ ಆಚೆ ನಿಂತಿದ್ದರು. ಸೂತಕದವಳಾದ್ದರಿಂದ ಸುಗಂಧಾಳೂ ಹೊರಗೇ ನಿಂತಳು. ನಾನು ಬೇಲಿ ದಾಟಿ ಒಳಗೆ ಹೋದೆ.

"ಏ! ಹೆಂಗಸ್ರು ಒಳಗೆ ಬರುದಿಲ್ಲ!"

"ಬಂದಾಯ್ತು!"

ಕೋಲಕಾರ ರಾಮಾ ಕೋಲು ಎತ್ತಿದ. ಕೇರಿಯ ಸಭೆ ಕರೆಯುವವನು, ನಡೆಸುವವನು ಅವನೇ. ಎಪ್ಪತ್ತರ ಮುದುಕ. ಯಾರ ಮುಲಾಜಿಗೂ ಬೀಳುವವನಲ್ಲ.

"ಮಂಗಲಾ, ನಿಂದು ಎಂತದು?"

"ತಕರಾರು! ವೋಟಿಗೆ ಮೊದ್ಲು ತಕರಾರು ಅದೆಯಾ ಕೇಳ್ತೀರಲ್ಲ ರಾಮಣ್ಣ. ಅದೆ! ಒಂದು ಮಾತು ಹೇಳಿ. ಅಪ್ಪ ಸತ್ತ ಮಗ ಎಷ್ಟು ದಿನ ಗಡ್ಡ ತೆಗೀಬಾರ್ದು? ಎಷ್ಟು ದಿನ ಈ ಅಂಗಳಕ್ಕೆ ಬರ್ಬಾರ್ದು?"

"ಹನ್ನೊಂದು. ಸಣ್ಣ ಮಕ್ಳಿಗೂ ಗೊತ್ತು."

"ಜಟ್ಟು ಸತ್ತು ಎಷ್ಟಾಯ್ತು?"

"ಇವತ್ತಿಗೆ ಒಂಬತ್ತು."

ಅಷ್ಟರಲ್ಲಿ ಜೀಪು ಬಂತು. ರಾಜೀವ ಓಡಿ ಬಂದ. ಅಂಗಿಯ ಮೇಲೆಲ್ಲ ಮರಳು.

"ಅವ್ಳು ಕಳ್ಳಿ! ನನ್ನ ಕಾಗದ ಕದ್ದಿದಾಳೆ!"

"ಕೇಳಿದ್ರಲ್ಲ? ಅವನದ್ದೇ ಕಾಗದವಂತೆ." ರವಿಕೆಯಿಂದ ತೆಗೆದು ರಾಮಣ್ಣನ ಕೈಗೆ ಕೊಟ್ಟೆ. "ಗಟ್ಟಿಯಾಗಿ ಓದಿ."

ರಾಮಣ್ಣ ದೂರ ಹಿಡಿದು, ಹತ್ತಿರ ಹಿಡಿದು ಓದಿದ. 'ದಿವಂಗತ ಜಟ್ಟು ಇವರ ದತ್ತು ಮಗನೂ...' ಅಲ್ಲಿಗೆ ನಿಲ್ಲಿಸಿದ. ಕೆಳಗಿನ ಸಹಿ ನೋಡಿದ. ರಾಜೀವನ ಗಲ್ಲ ನೋಡಿದ.



"ರಾಜೀವಾ... ನೀ ಜಟ್ಟುವಿನ ಮಗನಾ?"

"ಅದು... ರಾಮಣ್ಣ... ಕಾನೂನಿನ ಪ್ರಕಾರ..."

"ಕಾನೂನು ಆಚೆ ಇಡು. ಮಗ ಹೌದಾದ್ರೆ ನೀ ಸೂತಕದಲ್ಲಿ ಕಲಶ ಮುಟ್ಟಿದೆ. ಎಲೆಕ್ಷನ್ನಿಂದ ಹೊರಗೆ. ಹತ್ತು ವರ್ಷ ಈ ಅಂಗಳಕ್ಕೆ ಕಾಲಿಡುವಂಗಿಲ್ಲ. ಅಲ್ಲ ಅಂದ್ರೆ ಈ ಕಾಗದ ಸುಳ್ಳು. ಯಾವ್ದು ಹೇಳು!"

ಬೇಲಿಯ ಆಚೆಯಿಂದ ಸುಗಂಧಾ ಕೂಗಿದಳು. ಒಂಬತ್ತು ದಿನದಿಂದ ಒಳಗೆ ಕಟ್ಟಿಟ್ಟುಕೊಂಡದ್ದೆಲ್ಲ ಹೊರಗೆ ಬಂತು.

"ಮೂರನೇ ದಿನ ನನ್ನ ಓಡಿಸಿದೆ! ಅಪ್ಪನ ದೀಪ ಆರಿಸಿದೆ! ಹೇಳು ಈಗ... ಯಾರು ನಿನ್ನ ಅಪ್ಪ?"

ರಾಜೀವ ಅತ್ತ ನೋಡಿದ, ಇತ್ತ ನೋಡಿದ. ತಲೆಯೊಳಗೆ ಲೆಕ್ಕ ಹಾಕುತ್ತಿದ್ದದ್ದು ನನಗೆ ಕಾಣುತ್ತಿತ್ತು. ಒಂದು ಕಡೆ ಒಂದು ಮನೆ. ಇನ್ನೊಂದು ಕಡೆ ಬುಧವಂತಿಕೆ... ಐದು ವರ್ಷ ಯಾರು ಸತ್ತರೂ ಅವರ ಮನೆಯ ಚೀಟಿ ಅವನ ಕೈಯಲ್ಲಿ!

"ಅಲ್ಲ," ಎಂದ. "ನಾ ಜಟ್ಟುವಿನ ಮಗ ಅಲ್ಲ. ಕಾಗದ ಯಾರೋ ಬರೆಸಿದ್ರು, ನೋಡದೆ ಸಹಿ ಹಾಕಿದೆ."

"ಕಲಶ ಮುಟ್ಟಿ ಹೇಳು. ಅದೇ ಕಾಗದದ ಹಿಂದೆ ಬರಿ."

ಮುಟ್ಟಿದ. ಬರೆದ. 'ನಾನು ಜಟ್ಟು ಅವರ ಮಗನಲ್ಲ. ಅವರ ಮನೆ ಜಾಗದಲ್ಲಿ ನನಗೆ ಯಾವ ಹಕ್ಕೂ ಇಲ್ಲ.' ಸಹಿ. ತಾರೀಖು.

ಸುಗಂಧಾ ಬೇಲಿ ಹಿಡಿದುಕೊಂಡು ಕುಸಿದು ಕೂತಳು. ಹೆಂಗಸರು ಅವಳನ್ನು ತಬ್ಬಿಕೊಂಡರು. ನನ್ನ ಕಣ್ಣೂ ಒದ್ದೆಯಾಯಿತು... ಸುಳ್ಳು ಯಾಕೆ ಹೇಳಲಿ.

ಇಷ್ಟಾದ ಮೇಲೆ ಜನ ಅವನ ಮುಖಕ್ಕೆ ಉಗಿಯುತ್ತಾರೆ, ಸಾಯಿನಾಥ ಗೆಲ್ಲುತ್ತಾನೆ ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡೆ.

ಚಿಪ್ಪು ಬಿದ್ದವು. ರಾಮಣ್ಣ ಎರಡೂ ಮಡಕೆ ಬೋರಲು ಹಾಕಿ ಎಣಿಸಿದ.

ಸಾಯಿನಾಥನಿಗೆ ಇಪ್ಪತ್ತೇಳು. ರಾಜೀವನಿಗೆ ಮೂವತ್ತನಾಲ್ಕು!

"ಎಂತಕ್ಕೆ?" ಕಿರುಚಿದೆ. "ಎದುರಿಗೇ ಸುಳ್ಳು ಸಿಕ್ಕಿಬಿತ್ತಲ್ಲ! ಕಣ್ಣು ಕುರುಡಾ ನಿಮ್ಮದು?"

ಪಕ್ಕದ ಮನೆ ರೂಪಾಲಿಯ ಗಂಡ ತಲೆ ತಗ್ಗಿಸಿಕೊಂಡೇ ಬಾಯಿ ಬಿಟ್ಟ.

"ಬೇಜಾರು ಮಾಡ್ಬೇಡ ಅಕ್ಕಾ. ಐಸ್ ಪ್ಲಾಂಟ್ ಹಾಕ್ಸಿ ಕೊಡ್ತೆ ಹೇಳಿದಾನೆ. ರೆಸಾರ್ಟಲ್ಲಿ ಮಕ್ಳಿಗೆ ಕೆಲಸ."

"ನಾಳೆ ನೀ ಸತ್ರೆ ರೂಪಾಲಿ ಗತಿ ಎಂತದು? ಐಸ್ ಪ್ಲಾಂಟಲ್ಲಿ ಮಲಗ್ತಾಳಾ?"

ಬೇಲಿಯ ಆಚೆ ನಿಂತಿದ್ದ ರೂಪಾಲಿ ಅವನನ್ನೇ ನೋಡುತ್ತಿದ್ದಳು. ಆ ನೋಟ ಅವನಿಗೆ ಮನೆಯಲ್ಲಿ ಕಾದಿತ್ತು.

ರಾಜೀವನ ಕೊರಳಿಗೆ ಹಾರ ಬಿತ್ತು. ಬುಧವಂತನ ಮಣೆಯ ಮೇಲೆ ಕೂತ. ರಾಮಣ್ಣ ಕೋಲು ನೆಲಕ್ಕೆ ಕುಟ್ಟಿದ.

"ಮೊದಲ ಕೇಸು. ಜಟ್ಟುವಿನ ವಾರಸುದಾರರು ಯಾರು?"

"ಓ!" ಎಂದಳು ಸುಗಂಧಾ.

"ಯಾರು?"

"ಓ!"

"ಯಾರು?"

"ಓ!" ಮೂರನೆಯದಕ್ಕೆ ಅವಳೊಬ್ಬಳ ದನಿಯಲ್ಲ. ಬೇಲಿಯ ಆಚೆಯ ಹೆಂಗಸರೆಲ್ಲ ಒಟ್ಟಿಗೆ ಕೂಗಿದರು.

ಬೇರೆ ಯಾರೂ ಓಗೊಡಲಿಲ್ಲ. ರಾಮಣ್ಣ ವಾರಸುದಾರರ ಚೀಟಿಯನ್ನು ಹೊಸ ಬುಧವಂತನ ಮುಂದಿಟ್ಟ. ಅದರ ಪಕ್ಕದಲ್ಲೇ ಅವನು ಬರೆದುಕೊಟ್ಟ ಕಾಗದ. ಪೆನ್ನು ಕೈಗೆ ಕೊಟ್ಟ.

ರಾಜೀವ ಪೆನ್ನಿನ ಮುಚ್ಚಳ ತೆಗೆದ. ನಾನು ಮಣೆಯ ಪಕ್ಕಕ್ಕೆ ಹೋಗಿ ನಿಂತೆ. ಅವನು ತುಟಿ ಅಲುಗಿಸದೆ ಅಂದ.

"ಇದೊಂದು ಹೋಗ್ಲಿ, ಮಂಗಲಾ. ಐದು ವರ್ಷ ನಾನೇ ಬುಧವಂತ. ನೆನಪಿಟ್ಕ."

ಸಹಿ ಹಾಕಿದ. ಎಂಟು ಗುಂಟೆ ಜಾಗ, ಎರಡು ಕೋಣೆ, ಸುಗಂಧಾ ಜಟ್ಟು ಹೆಸರಿಗೆ. ಹಣೆಯಿಂದ ಒಂದು ಹನಿ ಇಳಿದು ಚೀಟಿಯ ಅಂಚಿಗೆ ಬಿತ್ತು. ನಾನು ಸೆರಗಿನ ತುದಿಯಿಂದ ಅದನ್ನು ಒರೆಸಿ, ಚೀಟಿ ಮಡಿಸಿ ಎತ್ತಿಕೊಂಡೆ.

"ಮೊದಲ ತೀರ್ಪಿಗೇ ಇಷ್ಟು ಬೆವರಿದ್ರಲ್ಲ ಬುಧವಂತ್ರೇ... ಇನ್ನೂ ಐದು ವರ್ಷ ಅದೆ!"